ಉಲುರು ದಾರಿಯಲ್ಲಿ ಫೋನ್ ಸಿಗದಿದ್ದಾಗ ಏನು ಮಾಡಿದಿರಿ?

ಜುಲೈ ರಜೆಗೆ ಅಡಿಲೇಡ್‌ನಿಂದ ಆಸ್ಟ್ರೇಲಿಯಾದ ನಡುಮಧ್ಯದ ಮರುಭೂಮಿಯಲ್ಲಿರುವ ಉಲುರು ಬಂಡೆಗೆ ಕಾರಿನಲ್ಲಿ ಹೊರಟಿದ್ದೇವೆ. ಹೋಗುವುದೇ ಸುಮಾರು 1,600 ಕಿ.ಮೀ. ನಾವಿಬ್ಬರು, ಆರು ವರ್ಷದ ಮಗಳು, ಮೈಸೂರಿನಿಂದ ಬಂದಿರುವ ಅತ್ತೆ. ಕಾರು ಮಾಮೂಲಿ, ಫೋರ್ ವೀಲ್ ಡ್ರೈವ್ ಅಲ್ಲ. ದಾರಿಯಲ್ಲಿ ಫೋನ್ ಸಿಗಲ್ಲ ಎನ್ನುತ್ತಾರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ 1
ದಾರಿಯಲ್ಲಿ ಸಿಗುವ ಗ್ಲೆಂಡಾಂಬೊ ಎಂಬ ಊರಿನಿಂದ ಮುಂದಿನ ಊರು ಕೂಬರ್ ಪೀಡಿಗೆ ಸುಮಾರು 250 ಕಿ.ಮೀ. ನಡುವೆ ಒಂದು ಪೆಟ್ರೋಲ್ ಬಂಕೂ ಇಲ್ಲ. ನಮ್ಮ ಟೈರ್ ಪಂಕ್ಚರ್ ಆಗಿದ್ದು ಅಲ್ಲೇ. ಡಿಕ್ಕಿ ತೆಗೆದರೆ ಸ್ಟೆಪ್ನಿ ಸೈಕಲ್ ಚಕ್ರದ ಹಾಗೆ ತೆಳ್ಳಗೆ! ಮೇಲೊಂದು ಹಳದಿ ಸ್ಟಿಕರ್, 80ರ ವೇಗ ದಾಟಬೇಡಿ ಎಂದು. ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ತೆವಳಿಕೊಂಡು ಊರು ಸೇರುವಾಗ ರಾತ್ರಿ ಒಂಬತ್ತು.

ಅಡಿಲೇಡ್‌ನ ಗೆಳೆಯನಿಗೆ "ಸಂಜೆ ತಲುಪಿ ಫೋನ್ ಮಾಡ್ತೀವಿ" ಎಂದಿದ್ದೆ. ಅವನು ಆರಾಮಾಗಿ ಮಲಗಿದ್ದ. ಅವನದೇನೂ ತಪ್ಪಿಲ್ಲ ಬಿಡಿ. ಫೋನ್ ಬರದಿದ್ದರೆ ಏನು ಮಾಡಬೇಕು ಎಂದು ನಾನು ಹೇಳಿರಲೇ ಇಲ್ಲ. ಈಗ ದಿನಾ ಬೆಳಿಗ್ಗೆ ಬರೆದು ಕಳಿಸುತ್ತೇನೆ: ಕಾರಿನ ನಂಬರ್, ದಾರಿ, ಮೋಟೆಲ್ ನಂಬರ್. ರಾತ್ರಿ ಎಂಟರೊಳಗೆ ನನ್ನ ಫೋನ್ ಬರದಿದ್ದರೆ ಮೊದಲು ಮೋಟೆಲ್‌ಗೆ ಕೇಳು, ಅಲ್ಲೂ ಇಲ್ಲವೆಂದರೆ ಪೊಲೀಸರ 131 444ಕ್ಕೆ ಮಾಡು. ತಲುಪಿದ ಮೇಲೆ ನೀವು ಫೋನ್ ಮಾಡಲು ಮರೆತರೆ ಸುಮ್ನೆ ಹುಡುಕಾಟ ಶುರುವಾಗುತ್ತೆ, ಜೋಕೆ.

ಗಾಡಿ ಕೆಟ್ಟರೆ ಬಿಟ್ಟು ನಡೆಯಬೇಡಿ. ಮೇಲಿಂದ ಹುಡುಕುವವರಿಗೆ ಕಾರು ಕಾಣುತ್ತೆ, ಮನುಷ್ಯ ಕಾಣಲ್ಲ.

ಉತ್ತರ 2
ಟೆಲ್‌ಸ್ಟ್ರಾ ಸಿಮ್ ಹಾಕಿಸಿ, ಆ ಕಡೆ ಜಾಸ್ತಿ ಸಿಗುವುದು ಅದೇ. ಆದರೂ ಊರು, ರೋಡ್‌ಹೌಸ್ (ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್, ಊಟದ ಜಾಗ) ದಾಟಿದರೆ ಬಹಳ ಕಡೆ ಏನೂ ಇರಲ್ಲ. ಅತ್ತೆಯವರ ಫೋನ್ ಊರಿಂದ ತಂದಿದ್ದಲ್ವಾ? 2024ರ ಕೊನೆಯಲ್ಲಿ ಇಲ್ಲಿ 3ಜಿ ನಿಂತುಹೋಯಿತು. 4ಜಿಯಲ್ಲಿ ತುರ್ತು ಸಂಖ್ಯೆ 000ಗೆ ಕರೆ ಮಾಡಲಾಗದ ಫೋನ್‌ಗಳನ್ನು ಬ್ಲಾಕ್ ಮಾಡುತ್ತಾರೆ. ಮೊದಲೇ ಅಂಗಡಿಯಲ್ಲಿ ತೋರಿಸಿಬಿಡಿ. ಟೆಲ್‌ಸ್ಟ್ರಾದ ಫೋನ್ ಬೂತ್‌ಗಳಿಂದ ದೇಶದೊಳಗಿನ ಕರೆ 2021ರಿಂದ ಪುಕ್ಕಟೆ. ಆದ್ದರಿಂದ ನಂಬರ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಪಿಎಲ್‌ಬಿ (ಕೈಯಲ್ಲಿ ಹಿಡಿಯುವ ತುರ್ತು ಸಂಕೇತದ ಸಾಧನ) ಒಂದಿರಲಿ, ಬಾಡಿಗೆಗೂ ಸಿಗುತ್ತೆ. ಒತ್ತಿದರೆ ಉಪಗ್ರಹಕ್ಕೇ ಸಂದೇಶ ಹೋಗುತ್ತದೆ, ಸಿಮ್ ಬೇಕಿಲ್ಲ. ಜೀವಕ್ಕೆ ಅಪಾಯ ಬಂದಾಗ ಮಾತ್ರ ಒತ್ತಿ, ಪಂಕ್ಚರ್‌ಗೆಲ್ಲ ಅಲ್ಲ. ಕೊಂಡುಕೊಂಡರೆ ಆಮ್ಸಾದಲ್ಲಿ (ಸರ್ಕಾರದ ಕಡಲ ಸುರಕ್ಷತಾ ಸಂಸ್ಥೆ) ನೋಂದಾಯಿಸಬೇಕು, ಅದಕ್ಕೆ ದುಡ್ಡಿಲ್ಲ. ತುರ್ತಿಗೆ ಯಾರ ನಂಬರ್ ಎಂದು ಕೇಳುತ್ತಾರೆ. ನಾನು ಮೊದಲ ಸಲ ನನ್ನ ಹೆಂಡತಿಯದು ಕೊಟ್ಟಿದ್ದೆ. ಅವಳೋ ಪಕ್ಕದ ಸೀಟಿನಲ್ಲೇ ಕೂತಿರುತ್ತಾಳೆ!

ಉತ್ತರ 3
ಜುಲೈನಲ್ಲಿ ಆರು ಗಂಟೆಗೆಲ್ಲ ಕತ್ತಲೆ. ಕಾಂಗರೂ ರಸ್ತೆಗೆ ಹಾರುವುದೂ ಅದೇ ಹೊತ್ತಿಗೆ. ನಾಲ್ಕೂವರೆಗೆ ನಿಲ್ಲಿಸಿಬಿಡಿ. ಬಾಡಿಗೆ ಕಾರಾದರೆ ವಿಮೆಯ ಕಾಗದ ಓದಿ. ಊರಾಚೆ ರಾತ್ರಿ ಓಡಿಸಿದರೆ ಪರಿಹಾರವಿಲ್ಲ ಎಂದು ಎಷ್ಟೋ ಕಡೆ ಬರೆದಿರುತ್ತದೆ. ರೋಡ್ ಟ್ರೈನ್ (ಹಲವು ಟ್ರೇಲರ್ ಎಳೆಯುವ ಲಾರಿ) 53 ಮೀಟರ್‌ವರೆಗೂ ಉದ್ದ ಇರುತ್ತೆ. ಹಿಂದೆ ಹಾಕುವ ಆತುರ ಬೇಡ.

ನೀರು ಒಬ್ಬರಿಗೆ ದಿನಕ್ಕೆ 10 ಲೀಟರ್ ಲೆಕ್ಕ. ಒಂದೇ ಕ್ಯಾನ್‌ನಲ್ಲಿ ತುಂಬಬೇಡಿ, ಒಡೆದರೆ ಮುಗೀತು. ರಾತ್ರಿ ಮರುಭೂಮಿ ಗಡಗಡ ನಡುಗಿಸುತ್ತೆ, ಕಂಬಳಿ ಇರಲಿ. ಅತ್ತೆಯವರ ಮಾತ್ರೆ ಅವರ ಕೈಚೀಲದಲ್ಲೇ ಇರಲಿ. ನಮ್ಮತ್ತೆ ರೋಡ್‌ಹೌಸ್‌ನ ಮಾಂಸದ ಪೈ ವಾಸನೆಗೇ ಮುಖ ತಿರುಗಿಸಿದ್ದರು. ಮೂರು ದಿನ ಅವರನ್ನು ಕಾಪಾಡಿದ್ದು ಗೊಜ್ಜವಲಕ್ಕಿ, ಮೋಟೆಲ್ ಕೆಟಲ್‌ನ ಬಿಸಿನೀರು.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಈಗ ತಾನೇ ಹೋಗಿ ಡಿಕ್ಕಿ ತೆಗೆದು ನೋಡಿದೆ. ನಮ್ಮದೂ ಹಳದಿ ಸ್ಟಿಕರ್‌ನದೇ. ಶನಿವಾರ ಟೈರ್ ಅಂಗಡಿಗೆ.