ಪಣಂಬೂರಿನ ಗಾಳಿಗೆ ಡೆಲ್ಟಾ ಗಾಳಿಪಟ ಎಡಕ್ಕೇ ಬೀಳ್ತದೆ: ತಪ್ಪು ಕಡ್ಡಿಯದ್ದಾ, ಬಟ್ಟೆಯದ್ದಾ?

ಪಡುಗಾಳಿ:
ನಾನು ಮಾಡಿದ್ದು ಡೆಲ್ಟಾ, ಅಂದರೆ ತ್ರಿಕೋನ ರೆಕ್ಕೆಯ ಗಾಳಿಪಟ. ರೆಕ್ಕೆಯ ಅಗಲ 180 ಸೆ.ಮೀ., ನಡುಕಡ್ಡಿ 90 ಸೆ.ಮೀ., ಮೂಗಿನ (ಮುಂದಿನ ತುದಿಯ) ಕೋನ 90 ಡಿಗ್ರಿ. ಬಟ್ಟೆ ಕೊಡೆಗೆ ಹಾಕುವ ನೈಲಾನ್. ಅಂಚಿನ ಕಡ್ಡಿಗಳು 5 ಮಿ.ಮೀ. ಫೈಬರ್‌ಗ್ಲಾಸ್, ಒಂದೊಂದು 95 ಸೆ.ಮೀ. ಅಡ್ಡಕಡ್ಡಿ ಸರಿಯಾಗಿ 90 ಸೆ.ಮೀ., ಹಾಗಾಗಿ ಬಟ್ಟೆ ಚೆಂಡೆಯ ಹಾಗೆ ಬಿಗಿಯಾಗಿ ನಿಲ್ತದೆ. ಸಣ್ಣ ಗಾಳಿಗೆ ಚೆಂದ ಏರ್ತದೆ. ಮಧ್ಯಾಹ್ನ 3ರ ಮೇಲೆ ಕಡಲಗಾಳಿ ಜೋರಾದ ಕೂಡಲೇ ದಾರ ಹಿಡಿದವರ ಎಡಕ್ಕೆ ವಾಲಿ, ಮೂಗು ಕೆಳಗೆ ಮಾಡಿ ಮರಳಿಗೆ ಬರ್ತದೆ. ಬಾಲಂಗೋಚಿ ಕಟ್ಟಿದರೆ ಸ್ವಲ್ಪ ತಡೀತದೆ, ಗುಣ ಆಗುವುದಿಲ್ಲ. ಎಲ್ಲಿಂದ ನೋಡ್ತಾ ಬರಬೇಕು?

ಕಡ್ಡಿಲೆಕ್ಕ:
ಮೊದಲು ಬಾಲಂಗೋಚಿ ಬಿಚ್ಚಿ. ಅದು ದೋಷವನ್ನು ಮುಚ್ಚಿಡ್ತದೆ, ಅಷ್ಟೆ. ಆಮೇಲೆ ಎಡ-ಬಲ ಅಂಚಿನ ಕಡ್ಡಿಗಳನ್ನು ಅದಲುಬದಲು ಮಾಡಿ ಅದೇ ಗಾಳಿಯಲ್ಲಿ ಹಾರಿಸಿ. ಈಗ ಬಲಕ್ಕೆ ವಾಲಿದರೆ ತಪ್ಪು ಕಡ್ಡಿಯದ್ದು. ಆಗಲೂ ಎಡಕ್ಕೇ ಹೋದರೆ ಬಟ್ಟೆಯದ್ದು, ಹೊಲಿಗೆಯದ್ದು. ಐದು ನಿಮಿಷದ ಕೆಲಸ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಕಾರಣ ಇಷ್ಟೆ: ಮೆದು ಕಡ್ಡಿ ಇರುವ ರೆಕ್ಕೆ ಜೋರು ಗಾಳಿಗೆ ಹಿಂದಕ್ಕೆ ಬಾಗಿ ಗಾಳಿಯನ್ನು ಚೆಲ್ತದೆ, ಪಟ ಆ ಕಡೆಗೇ ವಾಲ್ತದೆ. ಸಣ್ಣ ಗಾಳಿಗೆ ಎರಡೂ ಬಾಗುವುದಿಲ್ಲ, ಅದಕ್ಕೇ ತೊಂದರೆ ಕಾಣುವುದಿಲ್ಲ. ಕಡ್ಡಿಯ ಬಿಗುವು ದಪ್ಪದ ನಾಲ್ಕನೇ ಘಾತಕ್ಕೆ ಹೋಗುವುದರಿಂದ 5 ಮಿ.ಮೀ. ಕಡ್ಡಿ 4.9 ಇದ್ದರೂ ಶೇಕಡಾ 8ರಷ್ಟು ಮೆದು. ಕಣ್ಣಿಗೆ ಗೊತ್ತಾಗುವ ವ್ಯತ್ಯಾಸವೇ ಅಲ್ಲ ಅದು.

ಅಳೆಯುವುದು ಹೀಗೆ. ಕಡ್ಡಿಯನ್ನು ಮೇಜಿಗೆ ಗಟ್ಟಿಯಾಗಿ ಒತ್ತಿ ಹಿಡಿದು 60 ಸೆ.ಮೀ. ಹೊರಗೆ ಬಿಡಿ, ತುದಿಗೆ 100 ಗ್ರಾಂ ತೂಗಹಾಕಿ. 5 ಮಿ.ಮೀ. ಗಟ್ಟಿ (ಟೊಳ್ಳಲ್ಲದ) ಫೈಬರ್‌ಗ್ಲಾಸ್ ಸುಮಾರು 5ರಿಂದ 6 ಸೆ.ಮೀ. ತಗ್ಗಬೇಕು. ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅವು ಜೋಡಿ ಅಲ್ಲ.

ಹೊಲಿಗೆಮನೆ:
ಕೊಡೆ ಬಟ್ಟೆ ಅಂದಿರಲ್ಲ, ಎಳೆ ಯಾವ ದಿಕ್ಕಿಗೆ ಉಂಟು ನೋಡಿದ್ದೀರಾ? ನೇಯ್ಗೆಯ ಎಳೆಯ ಉದ್ದಕ್ಕೆ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರ್ತದೆ. ಮುಂದಿನ ಅಂಚಿಗೆ ಕಡ್ಡಿಯ ಆಧಾರ ಉಂಟು, ಹಿಂದಿನ ಅಂಚಿಗೆ ಏನೂ ಇಲ್ಲ. ಹಾಗಾಗಿ ಹಿಂದಿನ ಅಂಚು ಎಳೆಗೆ ಸಮಾನಾಂತರ ಇರಬೇಕು. ಒಂದು ರೆಕ್ಕೆ ಕತ್ತರಿಸಿದ ಮೇಲೆ ಅದೇ ಅಚ್ಚನ್ನು ಮಗುಚಿ ಇಟ್ಟು ಇನ್ನೊಂದನ್ನು ಕತ್ತರಿಸಿ. ಬಟ್ಟೆ ಉಳಿಸಲಿಕ್ಕೆ ತಿರುಗಿಸಿ ಕತ್ತರಿಸಿದರೆ ಎರಡು ರೆಕ್ಕೆ ಎರಡು ರೀತಿ ಹಿಗ್ತವೆ.

ಹೊಲಿಗೆ 3 ಮಿ.ಮೀ. ಉದ್ದ, ಪಾಲಿಯೆಸ್ಟರ್ ನೂಲು, 11 ನಂಬರ್ ಸೂಜಿ. ಮಿಷಿನ್‌ನಲ್ಲಿ ಬಟ್ಟೆಯನ್ನು ಹಿಂದಿನಿಂದ ಎಳೀಬೇಡಿ, ಒಂದು ಬದಿ ಸುಕ್ಕಾದರೆ ಆ ಬದಿ ಗಿಡ್ಡ ಆದ ಹಾಗೆಯೇ. ಮತ್ತೆ, ನೈಲಾನ್ ತೇವ ಹೀರಿ ಸಡಿಲ ಆಗ್ತದೆ. ನಮ್ಮ ಕಡಲತಡಿಯ ಹವೆಗೆ ಪಾಲಿಯೆಸ್ಟರ್ ರಿಪ್‌ಸ್ಟಾಪ್ (ಹರಿದರೂ ಸೀಳು ಮುಂದೆ ಹೋಗದ ಹಾಗೆ ನೇಯ್ದ ಬಟ್ಟೆ) ಎಷ್ಟೋ ವಾಸಿ.

ಮಲ್ಪೆ ರೆಕ್ಕೆ:
ಇಬ್ಬರು ಹೇಳಿದ್ದೂ ಸರಿ, ಆದರೆ ಮೂಲದ ತಪ್ಪು ಆ 90 ಸೆ.ಮೀ. ಅಡ್ಡಕಡ್ಡಿ. ಡೆಲ್ಟಾ ಬಿಗಿಯಾಗಿ ನಿಲ್ಲಬಾರದು ಮಾರಾಯ್ರೆ! ಅಂಚಿನ ನಡುಮಧ್ಯದಲ್ಲಿ ಈ ಪಟದ ಚಪ್ಪಟೆ ಅಗಲವೇ 90. ಅಡ್ಡಕಡ್ಡಿಯನ್ನು 84ಕ್ಕೆ ಇಳಿಸಿ. ಆಗ ನಡುಕಡ್ಡಿಯ ಎರಡೂ ಬದಿಗೆ ಬಟ್ಟೆ ಉಬ್ಬಿ ಎರಡು ಅರೆ ಶಂಕುಗಳ ಆಕಾರ ಬರ್ತದೆ. ರೊಗಾಲೊ ರೆಕ್ಕೆ ಅಂದರೆ ಇದೇ. 1948ರಲ್ಲಿ ಅಮೆರಿಕದ ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ ಮನೆಯ ಫ್ಯಾನಿನ ಗಾಳಿಯಲ್ಲಿ, ಪರದೆ ಬಟ್ಟೆಯಲ್ಲಿ ಪರೀಕ್ಷಿಸಿದ್ದು ಇದನ್ನೇ: ರೆಕ್ಕೆಯ ಆಕಾರವನ್ನು ಕಡ್ಡಿಯ ಚೌಕಟ್ಟಲ್ಲ, ಗಾಳಿಯೇ ಕೊಡಬೇಕು. 1951ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಬಟ್ಟೆ ರೆಕ್ಕೆಯ ಆಧುನಿಕ ಹ್ಯಾಂಗ್ ಗ್ಲೈಡರ್‌ಗಳು (ಮನುಷ್ಯ ಕೆಳಗೆ ನೇತಾಡಿಕೊಂಡು ಹಾರುವ ಎಂಜಿನ್ ಇಲ್ಲದ ರೆಕ್ಕೆ) ಇದರಿಂದಲೇ ಬಂದವು.

ಹಾಗಂತ 84ಕ್ಕಿಂತ ತುಂಬ ಕೆಳಗೆ ಹೋಗಬೇಡಿ. ಸಡಿಲ ರೆಕ್ಕೆ ಗಾಳಿ ಬರುವ ದಿಕ್ಕಿಗೆ ತೀರಾ ಸಮಾನಾಂತರವಾಗಿ ಮಲಗಿದರೆ ಬಟ್ಟೆ ಪಟಪಟ ಬಡಿದು ಉಬ್ಬು ಹೋಗ್ತದೆ, ಮೂಗು ಎತ್ತುವ ಬಲವೇ ಇರುವುದಿಲ್ಲ. ಹಳೆಯ ಹ್ಯಾಂಗ್ ಗ್ಲೈಡರ್‌ಗಳಲ್ಲಿ ಹಲವರ ಜೀವ ಹೋದದ್ದು ಹೀಗೆ ಮೂಗು ಕೆಳಗಾಗಿ ಬಿದ್ದದ್ದರಿಂದ. ಹಿಂದಿನ ಅಂಚನ್ನು ಮೇಲಕ್ಕೆ ಎತ್ತಿ ಹಿಡಿಯುವ ದಾರ ಮತ್ತು ಬಾಗಿದ ಪಟ್ಟಿಗಳನ್ನು ಹಾಕಿದ್ದು ಅದಕ್ಕೇ.

ದಾರ ಕಟ್ಟುವ ಜಾಗವೂ ಮುಖ್ಯ. ನಡುಕಡ್ಡಿಯ ಕೆಳಗೆ ಜೋತಿರುವ, ದಾರ ಕಟ್ಟುವ ತ್ರಿಕೋನ ಬಟ್ಟೆಯಲ್ಲಿ 2 ಸೆ.ಮೀ. ಅಂತರಕ್ಕೆ ಮೂರು ರಿಂಗ್ ಹಾಕಿ. ಕಡಲಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆಯಲು ಶುರುವಾದರೆ ಗಾಳಿ ಗಂಟೆಗೆ 20 ಕಿ.ಮೀ. ಆಸುಪಾಸಿಗೆ ಬಂತು ಅಂತ ಲೆಕ್ಕ, ಆಗ ಮೂಗಿನ ಹತ್ತಿರದ ರಿಂಗ್. ಸಣ್ಣ ಗಾಳಿಗೆ ಹಿಂದಿನದ್ದು.

ಪಡುಗಾಳಿ:
ಕಡ್ಡಿ ಅದಲುಬದಲು ಮಾಡಿದೆ, ಈಗ ಬಲಕ್ಕೆ ವಾಲ್ತದೆ. ತೂಗಹಾಕಿದಾಗ ಒಂದು 5.4, ಇನ್ನೊಂದು 6.1 ಸೆ.ಮೀ. ತಗ್ಗಿತು. ಗಟ್ಟಿ ಇರುವುದನ್ನು ಉಜ್ಜಿ ಸರಿ ಮಾಡಬಹುದಾ?

ಕಡ್ಡಿಲೆಕ್ಕ:
ಉಜ್ಜಬೇಡಿ. ಗಾಜಿನ ಎಳೆ ಕಡಿದು ಅಲ್ಲೇ ಸೀಳು ಬಿಡ್ತದೆ, ಆ ಧೂಳು ಉಸಿರಿಗೂ ಕೆಟ್ಟದ್ದು. ಇನ್ನೂ ನಾಲ್ಕು ಕಡ್ಡಿ ತಂದು, ಎಲ್ಲವಕ್ಕೂ ಹಾಗೇ 100 ಗ್ರಾಂ ತೂಗಹಾಕಿ ಅಳೆದು, ಒಂದಕ್ಕೊಂದು ಹತ್ತಿರ ಬರುವ ಎರಡನ್ನು ಆರಿಸಿ. ಅಡ್ಡಕಡ್ಡಿ 84 ಮಾಡಿದ ಮೇಲೆಯೇ ಹಾರಿಸಿ ನೋಡಿ, ಎರಡೂ ಒಟ್ಟಿಗೆ ಬೇಕು.