ಸಹಾಯ ಬೇಕು: ಬಿಪಿ ಚೆಕಪ್‌ಗೆ ಹೆಂಗಸ್ರು ಬರ್ತಿಲ್ಲ

ಎಲ್ರಿಗೂ ನಮಸ್ಕಾರ, ನಾವು ನಾಲ್ಕೈದು ಜನ ಸೇರ್ಕೊಂಡು ಬೇರೆ ಭಾಷೆ ಆಡೋ ಒಂದು ಅಲ್ಪಸಂಖ್ಯಾತ ಸಮುದಾಯದಲ್ಲಿ ಬಿಪಿ, ಶುಗರ್ ಚೆಕ್ ಮಾಡ್ತಿದೀವಿ, ಗಂಡಸ್ರು ಬರ್ತಾರೆ ಆದ್ರೆ ಹೆಂಗಸ್ರು ಬಾಗಿಲ ತನಕ ಬಂದು ವಾಪಸ್ ಹೋಗ್ತಾರೆ. ಮೊನ್ನೆ ಒಬ್ರು ಅಜ್ಜಿಗೆ 180/110 ಇತ್ತು, "ತಲೆನೋವೇ ಇಲ್ಲ, ನಂಗೇನಾಗಿದೆ" ಅಂದ್ರು, ಅದನ್ನ ಅವರ ಭಾಷೆಯಿಂದ ನಮಗೆ ತಿರುಗಿಸಿ ಹೇಳಿದ್ದು ಅವರ ಹತ್ತು ವರ್ಷದ ಮೊಮ್ಮಗಳು, ಆ ಮಗು ಬಾಯಲ್ಲಿ ಸ್ಟ್ರೋಕ್ ವಿಷಯ ಹೆಂಗೆ ಹೇಳಿಸೋದು ಹೇಳಿ? 140/90 ದಾಟಿದ್ರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ, ಅದೇ ಭಯ. ಇವ್ರಿಗೆ ಅಸಡ್ಡೆ ಅನ್ನೋ ಮಾತು ನಾನು ಒಪ್ಪಲ್ಲ, ಅವರ ಭಾಷೇಲಿ ಯಾರೂ ಕೂತು ಹೇಳಿಲ್ಲ ಅಷ್ಟೆ. ಇಂಥ ಕಡೆ ಕೆಲ್ಸ ಮಾಡಿರೋರು ದಯವಿಟ್ಟು ಹೇಳಿ, ಅದೇ ಸಮುದಾಯದ ಹೆಂಗಸ್ರಿಗೆ ಟ್ರೇನಿಂಗ್ ಕೊಟ್ಟು ಮನೆಮನೆಗೆ ಕಳ್ಸಿದ್ರೆ ವರ್ಕ್ ಆಗುತ್ತಾ? 9ರಿಂದ 14 ವಯಸ್ಸಿನ ಹುಡುಗೀರ ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತಡೆಯೋಕೆ ಕೊಡೋದು) ಬಗ್ಗೆನೂ ಅಮ್ಮಂದಿರ ಹತ್ರ ಮಾತಾಡ್ಬೇಕು, ಬರೀ ಚಿತ್ರದಲ್ಲಿ ತಿಳಿಸೋ ಥರದ್ದು ಏನಾದ್ರೂ ಇದ್ರೆ ಕಳ್ಸಿ.