ಹಸಿರು ಡಾಟ್ ಪೀಕ್ 31 ನ್ಯಾ.ಮೀ. ಅಗಲ, ಎಡಕ್ಕ ಸಣ್ಣ ಗೂನು: ಎಲ್ಲಿ ತಪ್ಪಲತ್ತದ?

ತೊಗರಿ_ಹೊಲ (ಕಲಬುರಗಿ)

ಸೀಸಿಯಂ ಲೆಡ್ ಬ್ರೋಮೈಡ್ ಕ್ವಾಂಟಮ್ ಡಾಟ್ (ಬೆಳಕು ಕೊಡೋ ನ್ಯಾನೋ ಹರಳು) ಹಾಟ್ ಇಂಜೆಕ್ಷನ್‌ನಾಗ, ಅಂದ್ರ ಬಿಸಿ ದ್ರಾವಣಕ್ಕ ಇನ್ನೊಂದನ್ನ ಒಮ್ಮೆಲೆ ಚುಚ್ಚಿ, ಮಾಡ್ಲತ್ತೀನಿ. 25 ಮಿ.ಲೀ. ಫ್ಲಾಸ್ಕಿಗೆ ಆಕ್ಟಾಡೆಸೀನ್ 5 ಮಿ.ಲೀ., ಲೆಡ್ ಬ್ರೋಮೈಡ್ 69 ಮಿ.ಗ್ರಾಂ. 120 ಡಿಗ್ರಿಗೆ ಒಂದು ತಾಸು ವ್ಯಾಕ್ಯೂಮ್. ಆಮ್ಯಾಲ ಒಲಿಕ್ ಆಸಿಡ್, ಒಲಿಲಮೈನ್ ತಲಾ 0.5 ಮಿ.ಲೀ. 170ಕ್ಕ ಏರಿಸಿ ಸೀಸಿಯಂ ಒಲಿಯೇಟ್ 0.4 ಮಿ.ಲೀ. ಹಾಕ್ತೀನಿ, 5 ಸೆಕೆಂಡಿಗೆ ಐಸ್‌ನಾಗ ಇಡ್ತೀನಿ. ಹೊರಬರೋ ಬೆಳಕಿನ ಪೀಕ್ 509 ನ್ಯಾ.ಮೀ.ಗೆ, ಅರ್ಧ ಎತ್ತರದಾಗ ಅಗಲ 31 ನ್ಯಾ.ಮೀ. 475ರ ಹತ್ತಿರ ಗೂನು ಬರ್ತದ. ಅಗಲ 20ರ ಸುತ್ತ ಬೇಕಾಗ್ಯದ. ಒಲಿಲಮೈನ್ ಹೆಚ್ಚು ಹಾಕಿದ್ರ ಸುಧಾರಿಸ್ತದೇನ್ರಿ? ಮುಂದ ಇದನ್ನ ಎಲ್‌ಇಡಿ ಮ್ಯಾಲ ಹಸಿರು ಫಿಲ್ಮ್ ಮಾಡೋದದ, ಪೀಕ್ 532ಕ್ಕ ಒಯ್ಯಬೇಕು.

ಭೀಮಾ_ದಂಡಿ (ಯಾದಗಿರಿ)

ಅಮೈನ್ ಹೆಚ್ಚಿಸಬ್ಯಾಡ್ರಿ, ಗೂನು ಇನ್ನಾ ದೊಡ್ಡದಾಗ್ತದ. 475ಕ್ಕ ಹೊಳೆಯೋದು ಘನಾಕೃತಿ ಕಣ ಅಲ್ಲ, ಕೆಲವೇ ಪದರ ದಪ್ಪದ ತೆಳು ಪ್ಲೇಟ್‌ಲೆಟ್. ಅಮೈನ್ ಜಾಸ್ತಿ, ಶಾಖ ಕಮ್ಮಿ ಆದಲ್ಲಿ ಅವು ಹುಟ್ತಾವ. ಅಮೈನ್ ಮತ್ತೂ ಏರಿದ್ರ ಸೀಸಿಯಂ ಹೆಚ್ಚಿರೋ, ಹಸಿರು ಬೆಳಕು ಕೊಡದ ಇನ್ನೊಂದು ಹರಳೂ ಬೆರಿತದ. ಅಬ್ಸಾರ್ಬೆನ್ಸ್‌ನಾಗ (ಯಾವ ತರಂಗದ ಬೆಳಕು ಎಷ್ಟು ಹೀರ್ತದ ಅನ್ನೋ ಅಳತಿ) 314 ನ್ಯಾ.ಮೀ.ಗೆ ಚೂಪು ಗೆರೆ ಕಂಡ್ರ ಅದೇ.

ಮೊದಲು ಅಳತಿ ಖಾತ್ರಿ ಮಾಡ್ಕೊಳ್ರಿ. ಎಕ್ಸೈಟೇಶನ್ (ಡಾಟ್ ಹೊಳೆಸಲಿಕ್ಕ ಹಾಯಿಸೋ ಬೆಳಕು) ತರಂಗಕ್ಕ ಅಬ್ಸಾರ್ಬೆನ್ಸ್ 0.1ರ ಕೆಳಗ ಬರೋತನಕ ಹೆಕ್ಸೇನ್ ಹಾಕಿ ತೆಳು ಮಾಡ್ರಿ. ದಪ್ಪ ದ್ರಾವಣ ತನ್ನ ನೀಲಿ ಅಂಚಿನ ಬೆಳಕು ತಾನೇ ನುಂಗ್ತದ, ಪೀಕ್ ಸುಳ್ಳೇ ಸಣ್ಣಾಗಿ ಕಾಣ್ತದ. ಸ್ಲಿಟ್ (ಉಪಕರಣ ಒಮ್ಮೆಗೆ ಒಳಗ ಬಿಡೋ ತರಂಗದ ಪಟ್ಟಿ) ಮ್ಯಾಲ ಹೆಚ್ಚು ಅನುಮಾನ ಬ್ಯಾಡ: 5 ನ್ಯಾ.ಮೀ. ಸ್ಲಿಟ್ ಇದ್ರ 31 ಅನ್ನೋದು ಖರೇ 30.6 ಇರ್ತದ, ಅಷ್ಟೇ.

ಅಗಲವನ್ನ ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಾಗ ನೋಡ್ರಿ. 509ಕ್ಕ 31 ಅಂದ್ರ ಸುಮಾರು 148. 515ಕ್ಕ 20 ಅಂದ್ರ 94. ಕೋಣೆಯ ಶಾಖಕ್ಕ ಹರಳಿನ ಕಂಪನದಿಂದ ಒಂದೇ ಕಣದ ಬೆಳಕೂ ಹೆಚ್ಚೂಕಮ್ಮಿ ಇಷ್ಟು ಅಗಲ ಇರ್ತದ. ಅದಕ್ಕ 20 ಬಂದ ಮ್ಯಾಲ ಗಾತ್ರ ಎಷ್ಟು ಸಮ ಮಾಡಿದ್ರೂ ಭಾಳ ಇಳಿಯಲ್ಲ.

ಈಗ ಹೇಳ್ರಿ: ಒಲಿಯೇಟ್ ಯಾವ ಶಾಖಕ್ಕ ಸಿರಿಂಜಿಗೆ ತಗೋತೀರಿ?

ತೊಗರಿ_ಹೊಲ

ತೆಳು ಮಾಡಿ ನೋಡಿದೆ ರೀ, 33 ಆತು. ಒಲಿಯೇಟ್ 100ಕ್ಕ ಕಾಸಿರ್ತೀನಿ, ಸಿರಿಂಜ್ ಮಾತ್ರ ಬಿಸಿ ಮಾಡಿಲ್ಲ. ಸೂಜಿ ತುದಿಗೆ ಬೆಳ್ಳಗ ಮೇಣದಂಗ ಕುಂತದ.

ಭೀಮಾ_ದಂಡಿ

ಆ ಬಿಳಿ ಮೇಣಾನೇ ನಿಮ್ಮ ಕಾರಣ. ಸೀಸಿಯಂ ಒಲಿಯೇಟ್ ತಣ್ಣಗಾದ್ರ ಗಟ್ಟಿಯಾಗಿ ಕೂಡ್ತದ. ಗಂಟು ಫ್ಲಾಸ್ಕಿಗೆ ಬಿದ್ದು ನಿಧಾನ ಕರಗ್ತದ, ಅಷ್ಟೊತ್ತಿಗೆ ಮೊದಲ ಕಣಗಳು ಬೆಳೆದಿರ್ತಾವ, ಹಿಂದಿಂದ ಹೊಸವು ಹುಟ್ತಾವ. ಎಲ್ಲಾ ಒಂದೇ ಹೊತ್ತಿಗೆ ಹುಟ್ಟಿದ್ರೇ ಗಾತ್ರ ಸಮ.

ಗಾಜಿನ ಸಿರಿಂಜ್, 16 ಅಥವಾ 18 ಗೇಜ್ ಸೂಜಿ ಎರಡನ್ನೂ ಓವನ್‌ನಾಗ 90–100ಕ್ಕ ಇಡ್ರಿ. ಒಲಿಯೇಟ್ ನೀರಿನಂಗ ತಿಳಿ ಇದ್ದಾಗ ಎಳೆದು, ಒಂದು ಸೆಕೆಂಡಿನೊಳಗ, ಸುಳಿ ತಿರುಗೋ ನಡುವಿಗೆ ಒತ್ತಿಬಿಡ್ರಿ. 100 ಡಿಗ್ರಿಯ 0.4 ಮಿ.ಲೀ. ಬಿದ್ರ ಫ್ಲಾಸ್ಕ್ 4–5 ಡಿಗ್ರಿ ಇಳಿತದ. 40 ಡಿಗ್ರಿದು ಬಿದ್ರ 8. ಇಂಜೆಕ್ಟ್ ಮಾಡೋ ಮೊದಲು ಲೆಡ್ ಬ್ರೋಮೈಡ್ ಪೂರಾ ಕರಗಿರಬೇಕು, ತಳಕ್ಕ ಒಂದು ಕಣ ಮಿಣುಕಿದ್ರೂ ಕಾಯ್ರಿ. ಹೊತ್ತಾದ್ರೂ ಕರಗದಿದ್ರ ಆಸಿಡ್, ಅಮೈನ್ ತಲಾ 0.1 ಮಿ.ಲೀ. ಕೂಡಿಸ್ರಿ, ಒಂದನ್ನೇ ಅಲ್ಲ.

ಐಸ್ ತುಂಡಷ್ಟೇ ಸಾಲಲ್ಲ, ಸಂದಿಗೆ ಗಾಳಿ ಇರ್ತದ. ನೀರು ಬೆರೆಸಿ ಅಂಬಲಿ ಹದಕ್ಕ ಮಾಡ್ರಿ. ಮೇ ಬಿಸಿಲಿಗೆ ಅದನ್ನ ಥರ್ಮಾಕೋಲ್ ಡಬ್ಬಿಯೊಳಗ ಇಟ್ಟು, ಇಂಜೆಕ್ಷನ್‌ಗೆ ಐದು ನಿಮಿಷ ಇದ್ದಾಗ ಹೊರಗ ತೆಗಿರಿ. ತಳಕ್ಕ ನಕ್ಷತ್ರದಂಗ ಬಿರುಕಿದ್ದ ಫ್ಲಾಸ್ಕ್ ಬಳಸಬ್ಯಾಡ್ರಿ, ಒಡಿತದ. ಬೇಗ ತಣಿಲಿ ಅಂತ ಟಾಲ್ವೀನ್ ಸುರಿಯೋದೂ ಬ್ಯಾಡ: ಅದು 111ಕ್ಕೇ ಕುದಿತದ, 170ರ ಎಣ್ಣಿಗೆ ಬಿದ್ರ ಸಿಡಿತದ.

ಬಿದ್ರಿ_ಕುಸುರಿ (ಬೀದರ್)

ತೊಳೆಯುವ ಹಂತದಲ್ಲೂ ಗೂನು ಬಹಳಷ್ಟು ಹೋಗುತ್ತದೆ. ಆಕ್ಟಾಡೆಸೀನ್ ಸುಮಾರು 15 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಫ್ಲಾಸ್ಕನ್ನು 30ಕ್ಕೆ ಇಳಿದ ಕೂಡಲೇ ಐಸ್‌ನಿಂದ ತೆಗೆಯಿರಿ. ಏನೂ ಬೆರೆಸದೆ 8000 ಆರ್‌ಪಿಎಂಗೆ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಟ್ಯೂಬನ್ನು 365 ನ್ಯಾ.ಮೀ. ಲ್ಯಾಂಪ್ ಕೆಳಗೆ ಹಿಡಿದರೆ ತಳದ ಗಸಿ ಹಸಿರಾಗಿ, ಮೇಲಿನ ದ್ರವ ನೀಲಿಗೆ ತಿರುಗಿ ಕಾಣುತ್ತದೆ. ಆ ನೀಲಿಯೇ ಪ್ಲೇಟ್‌ಲೆಟ್, ಬಸಿದುಬಿಡಿ. ಗಸಿಯನ್ನು 2 ಮಿ.ಲೀ. ಹೆಕ್ಸೇನ್‌ನಲ್ಲಿ ಕರಗಿಸಿ, 3000ಕ್ಕೆ 5 ನಿಮಿಷ ತಿರುಗಿಸಿ, ಈ ಸಲ ಮೇಲಿನದನ್ನು ಇಟ್ಟುಕೊಳ್ಳಿ.

ಗಸಿ ಕೂರದಿದ್ದರೆ ಈಥೈಲ್ ಅಸಿಟೇಟನ್ನು ಹನಿಹನಿಯಾಗಿ, ಕಲಕಿದ ಮೊದಲ ಗುರುತು ಕಾಣುವವರೆಗೆ ಮಾತ್ರ ಹಾಕಿ. ಮೆಥನಾಲ್, ಎಥನಾಲ್ ಬೇಡ. ಹರಳಿನ ಹೊದಿಕೆಯಾಗಿರುವ ಲಿಗ್ಯಾಂಡ್ ಅಣುಗಳನ್ನು ಕಿತ್ತು ಹರಳನ್ನೇ ಕೆಡಿಸುತ್ತವೆ. ಕ್ಲೋರೋಫಾರ್ಮ್ ಕೂಡ ಬೇಡ. ಯುವಿ ಬೆಳಕಿಗೆ ಅದರ ಕ್ಲೋರಿನ್ ಬ್ರೋಮಿನ್ ಜಾಗಕ್ಕೆ ಸೇರಿ ಪೀಕ್ ನೀಲಿಗೆ ಸರಿಯುತ್ತದೆ. ಬಸಿದ ದ್ರವದಲ್ಲಿ ಸೀಸ ಇದೆ. ಸಿಂಕಿಗೆ ಸುರಿಯದೆ ಹೆಸರು ಬರೆದ ಕ್ಯಾನಿನಲ್ಲಿ ಕೂಡಿಡಿ.

532 ಈ ಹರಳಿಗೆ ಎಟುಕುವುದಿಲ್ಲ. ಕಣ ದೊಡ್ಡದಾದಂತೆ 520 ದಾಟಿ ಸ್ವಲ್ಪ ಹೋಗಿ ನಿಲ್ಲುತ್ತದೆ. ಸೀಸಿಯಂ ಬದಲು ಫಾರ್ಮಮಿಡಿನಿಯಂ ಹಾಕಿದ ಲೆಡ್ ಬ್ರೋಮೈಡ್ 530ರ ಆಸುಪಾಸಿಗೆ ಬರುತ್ತದೆ. ಅದಕ್ಕೆ ಒಲಿಯೇಟ್ ಬೇರೆ, ಶಾಖವೂ ಕಡಿಮೆ, ಹಾಗಾಗಿ ಮೊದಲು ಇದೇ ಬ್ಯಾಚ್ 20–22ಕ್ಕೆ ಬರಲಿ. ಫಿಲ್ಮ್ ಮಾಡುವಾಗ ಡಾಟ್‌ಗಳು ಒತ್ತೊತ್ತಾಗಿ ಕೂತರೆ ಸಣ್ಣ ಕಣದ ಶಕ್ತಿ ದೊಡ್ಡದಕ್ಕೆ ಹೋಗಿ ಪೀಕ್ ಕೆಂಪಿನ ಕಡೆ ಸರಿಯುತ್ತದೆ. ದ್ರಾವಣದ ಅಳತೆಯನ್ನೇ ಫಿಲ್ಮಿಗೂ ಬರೆಯದೆ ಅದನ್ನು ಬೇರೆಯೇ ಅಳೆಯಿರಿ.

ತೊಗರಿ_ಹೊಲ

ಸಿರಿಂಜ್ ಬಿಸಿ ಮಾಡಿ ಹಾಕಿದೆ ರೀ, ಮತ್ತೇನೂ ಬದಲಿಸಿಲ್ಲ. ಪೀಕ್ 513, ಅಗಲ 23, ಗೂನು ಒಂದೀಟು ಉಳಿದದ. ನಾಳಿ ಈ ಬ್ಯಾಚನ್ನೇ ಬೀದರ್‌ನವರು ಹೇಳಿದಂಗ ತೊಳೆದು, ತೊಳೆಯೋಕ್ಕಿಂತ ಮೊದಲಿನ, ಆಮ್ಯಾಲಿನ ಎರಡೂ ಸ್ಪೆಕ್ಟ್ರಮ್ ಇಲ್ಲೇ ಹಾಕ್ತೀನಿ.